ಅಡಿಕೆ ಮಂಡಿಯ ಫಾಕ್ಸ್‌ಪ್ರೊ ಕಡತ ರಿಪೇರಿ: ಐದು ದಿನದ ಟಿಪ್ಪಣಿ

ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಮಂಡಿಯಿಂದ ಫೋನ್ ಬಂತು. ಮಾತಾಡಿದವರು ಅಲ್ಲಿನ ಹಿರಿಯ ಗುಮಾಸ್ತರು.

"ಮಾರಾಯ್ರೇ, ಪಟ್ಟಿ ತೆಗೆಯೋಕೆ ಆಗ್ತಿಲ್ಲ. ಶನಿವಾರ ಸಂಜೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯ್ತು. ಇವತ್ತು ಕಂಪ್ಯೂಟರ್ ಹಾಕಿದ್ರೆ ಏನೋ ಇಂಗ್ಲಿಷ್‌ನಲ್ಲಿ ಬರ್ತಾ ಇದೆ."

"ಆಮೇಲೆ ಎಷ್ಟು ಸಲ ತೆರೆದು ನೋಡಿದ್ರಿ ಸಾರ್?"

"ನಾಲ್ಕೈದು ಸಲ. ಮೆನುವಿನಲ್ಲಿ ರೀಇಂಡೆಕ್ಸ್ ಅಂತ ಇತ್ತಲ್ಲ, ಅದನ್ನೂ ಒತ್ತಿ ನೋಡಿದೆ."

"ಇನ್ನು ಯಾರೂ ಮುಟ್ಟಬೇಡಿ. ಮೂರೂ ಕಂಪ್ಯೂಟರ್ ಬಂದ್ ಮಾಡಿ. ಮಧ್ಯಾಹ್ನದ ಬಸ್ಸಿಗೆ ಬರ್ತೀನಿ."

ಪಟ್ಟಿ ಅಂದರೆ ಮಂಡಿಯಲ್ಲಿ ಅಡಿಕೆ ಮಾರಿದ ರೈತರಿಗೆ ಕೊಡುವ ಲೆಕ್ಕದ ಚೀಟಿ. ಅಡಿಕೆಯ ಬಗೆ ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ, ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ಹಿಂದೆ ತೆಗೆದುಕೊಂಡ ಮುಂಗಡ ಎಷ್ಟು ಕಳೆಯಿತು, ಎಲ್ಲವೂ ಅದರಲ್ಲಿರುತ್ತದೆ. ಪಟ್ಟಿ ಇಲ್ಲ ಅಂದರೆ ದುಡ್ಡಿಲ್ಲ. ಅದಕ್ಕೇ ಈ ಕೆಲಸವನ್ನು ನಾಳೆಗೆ ಇಡುವ ಹಾಗಿರಲಿಲ್ಲ.

ಮಂಡಿಯ ಪ್ರೋಗ್ರಾಂ ಮೊದಲು ತಯಾರಾದದ್ದು 1996ರಲ್ಲಿ, ಡಾಸ್ ಮೇಲಿನ ಫಾಕ್ಸ್‌ಪ್ರೊ 2.6ರಲ್ಲಿ. ಫಾಕ್ಸ್‌ಪ್ರೊ ಅಂದರೆ ದಾಖಲೆಗಳನ್ನು ಟೇಬಲ್ ರೂಪದ ಕಡತಗಳಲ್ಲಿ ಇಡುವ ಹಳೆಯ ಡೇಟಾಬೇಸ್ ಉಪಕರಣ. 2005ರಲ್ಲಿ ಅದನ್ನೇ ವಿಷುವಲ್ ಫಾಕ್ಸ್‌ಪ್ರೊ 9ಕ್ಕೆ ತಂದರು. ಆಮೇಲೆ ಅದನ್ನು ಬರೆದವರು ಬೇರೆ ಊರಿಗೆ ಹೋದರು, ಅವರ ಹಾರ್ಡ್ ಡಿಸ್ಕ್ ಕೆಟ್ಟಿತು, ಪ್ರೋಗ್ರಾಂನ ಮೂಲ ಬರಹವಾದ ಸೋರ್ಸ್ ಕೋಡ್ ಅದರ ಜೊತೆಗೇ ಹೋಯಿತು. ಈಗ ಮಂಡಿಯಲ್ಲಿ ಇರುವುದು ಓಡಿಸಲು ಬರುವ, ತಿದ್ದಲು ಬಾರದ ಒಂದು ಇಎಕ್ಸ್‌ಇ ಕಡತ ಮತ್ತು ಒಂದು ಫೋಲ್ಡರ್ ತುಂಬಾ ಡೇಟಾ. ನಮ್ಮ ಕಡೆ ಇಂಥ ಜಾಗಗಳು ಒಂದೆರಡಲ್ಲ. ಸಹಕಾರ ಸಂಘ, ಜವಳಿ ಅಂಗಡಿ, ಅಕ್ಕಿ ಗಿರಣಿ, ಆಡಿಟರ್ ಆಫೀಸು ಎಲ್ಲಿ ಹೋದರೂ ಮೂಲೆಯ ಒಂದು ಕಂಪ್ಯೂಟರಿನಲ್ಲಿ ಫಾಕ್ಸ್‌ಪ್ರೊ ಇನ್ನೂ ಓಡುತ್ತಿರುತ್ತದೆ.

ಮೊದಲ ದಿನ: ನಕಲು, ಆಮೇಲೆ ಹೆಡರ್

ಮಂಡಿ ತಲುಪಿದಾಗ ಸಂಜೆ ನಾಲ್ಕು ಗಂಟೆ. ಮೊದಲು ಮಾಡಿದ ಕೆಲಸ ಇಡೀ ಫೋಲ್ಡರ್ ಅನ್ನು ಎರಡು ಪೆನ್ ಡ್ರೈವ್‌ಗೆ ನಕಲು ಮಾಡಿದ್ದು. ಒಂದನ್ನು ಗುಮಾಸ್ತರ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿಸಿದೆ. ಇನ್ನೊಂದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಮಂಡಿಯ ಕಂಪ್ಯೂಟರಿನ ಮೂಲ ಕಡತಕ್ಕೆ ಮೂರು ದಿನ ಕೈ ಹಚ್ಚಲಿಲ್ಲ. ಈ ಕೆಲಸದಲ್ಲಿ ಹೊಸಬರು ಎಡವುವುದೇ ಇಲ್ಲಿ. ಎದುರಿಗೆ ಜನ ಕಾಯುತ್ತಿರುತ್ತಾರೆ, ಅವಸರದಲ್ಲಿ ಮೂಲಕ್ಕೇ ರಿಪೇರಿ ಶುರು ಮಾಡಿಬಿಡುತ್ತೇವೆ. ಅದು ಕೈಕೊಟ್ಟರೆ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ.

ಪರದೆ ಮೇಲೆ ಬರುತ್ತಿದ್ದದ್ದು 2091ನೆಯ ದೋಷ. ಟೇಬಲ್ ಕೆಟ್ಟಿದೆ, ಮತ್ತೆ ಬಳಸುವ ಮೊದಲು ರಿಪೇರಿ ಮಾಡಬೇಕು ಎಂದು ಅದರ ಅರ್ಥ. ವಿಷುವಲ್ ಫಾಕ್ಸ್‌ಪ್ರೊ 8 ಮತ್ತು 9 ಕಡತ ತೆರೆಯುವಾಗ ಒಂದು ಪರೀಕ್ಷೆ ಮಾಡುತ್ತವೆ. ಕಡತದ ಶುರುವಿನಲ್ಲಿ ಅದರ ವಿವರ ಇರುವ ಭಾಗಕ್ಕೆ ಹೆಡರ್ ಅನ್ನುತ್ತಾರೆ. ಹೆಡರ್‌ನಲ್ಲಿ ಬರೆದಿರುವ ದಾಖಲೆಗಳ ಸಂಖ್ಯೆಗೂ ಕಡತದ ಅಳತೆಗೂ ತಾಳೆಯಾಗದಿದ್ದರೆ ಬಾಗಿಲು ಹಾಕಿಬಿಡುತ್ತವೆ. ಹಳೆಯ ಆವೃತ್ತಿಗಳು ಈ ತಂಟೆಗೆ ಹೋಗುತ್ತಿರಲಿಲ್ಲ, ಸುಮ್ನೆ ತೆರೆದುಕೊಳ್ಳುತ್ತಿದ್ದವು.

ಪಟ್ಟಿ ಟೇಬಲ್‌ಗೆ ಮೂರು ಕಡತ ಇವೆ. ಡಿಬಿಎಫ್‌ನಲ್ಲಿ ದಾಖಲೆಗಳು, ಸಿಡಿಎಕ್ಸ್‌ನಲ್ಲಿ ಇಂಡೆಕ್ಸ್ (ಬೇಕಾದ ದಾಖಲೆಯನ್ನು ಬೇಗ ಹುಡುಕಲು ಇರುವ ಸೂಚಿ), ಎಫ್‌ಪಿಟಿಯಲ್ಲಿ ಉದ್ದನೆಯ ಷರಾಗಳು, ಅಂದರೆ ಮೆಮೊ. ಡಿಬಿಎಫ್ ಅನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಕಡತದ ಪ್ರತಿ ಬೈಟನ್ನೂ ಅದು ಹದಿನಾರರ ಲೆಕ್ಕದ ಎರಡು ಅಂಕಿಯಲ್ಲಿ ತೋರಿಸುತ್ತದೆ. ಈ ಕಡತದ ರಚನೆ ನನಗೆ ಇವತ್ತಿಗೂ ತುಂಬಾ ಇಷ್ಟ. ಮುಚ್ಚುಮರೆ ಇಲ್ಲ. ಮೊದಲ ಬೈಟ್ 30 ಅಂದರೆ ವಿಷುವಲ್ ಫಾಕ್ಸ್‌ಪ್ರೊ ಟೇಬಲ್. ಮುಂದಿನ ಮೂರು ಬೈಟ್ ಕೊನೆಯ ಸಲ ಬದಲಾದ ವರ್ಷ, ತಿಂಗಳು, ದಿನ. ಅದರ ಮುಂದಿನ ನಾಲ್ಕು ಬೈಟ್ ದಾಖಲೆಗಳ ಸಂಖ್ಯೆ. ಆಮೇಲೆ ಎರಡು ಬೈಟ್ ಹೆಡರ್‌ನ ಉದ್ದ, ಇನ್ನೆರಡು ಒಂದು ದಾಖಲೆಯ ಉದ್ದ. ಒಂದು ಪೆನ್ನು, ಒಂದು ಕಾಗದ ಇದ್ದರೆ ಸಾಕು, ಕೂತು ಓದಬಹುದು.

ದಾಖಲೆಗಳ ಸಂಖ್ಯೆಯ ಜಾಗದಲ್ಲಿ ಇದ್ದದ್ದು 22 45 03 00. ಇದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. 00 03 45 22, ಅಂದರೆ 2,14,306. ಹೆಡರ್ ಉದ್ದ 28 04, ಅಂದರೆ 1,064 ಬೈಟ್. ಅದು ಸರಿಯಾಗಿತ್ತು. ಟೇಬಲ್‌ನಲ್ಲಿ 24 ಕಾಲಂ. ಶುರುವಿನ 32 ಬೈಟ್, ಕಾಲಂ ಒಂದಕ್ಕೆ 32ರಂತೆ 768, ಮುಗಿದ ಗುರುತಿಗೆ 1, ಕೊನೆಗೆ ವಿಷುವಲ್ ಫಾಕ್ಸ್‌ಪ್ರೊ ಬಿಟ್ಟುಕೊಳ್ಳುವ 263. ಕೂಡಿದರೆ 1,064. ಒಂದು ದಾಖಲೆಯ ಉದ್ದ 187.

ಕಡತದ ಅಳತೆ 4,00,76,848 ಬೈಟ್. ಅದರಲ್ಲಿ ಹೆಡರ್ ಕಳೆದು 187ರಿಂದ ಭಾಗಿಸಿದೆ. 2,14,309 ಬಂತು, ಒಂದು ಬೈಟ್ ಉಳಿಯಿತು. ಆ ಒಂದು ಬೈಟ್ ಕಡತ ಮುಗಿಯಿತು ಎಂಬ ಗುರುತಿನ ಜಾಗ. ಅಂದರೆ ಡಿಸ್ಕ್ ಮೇಲೆ ಮೂರು ದಾಖಲೆ ಜಾಸ್ತಿ ಇವೆ, ಹೆಡರ್‌ಗೆ ಅದು ಗೊತ್ತಿಲ್ಲ. ಕರೆಂಟ್ ಹೋದ ಗಳಿಗೆಯಲ್ಲಿ ದಾಖಲೆಗಳು ಡಿಸ್ಕ್ ಸೇರಿದ್ದವು, ಎಣಿಕೆ ಸೇರಿರಲಿಲ್ಲ.

ಲೆಕ್ಕದ ಪ್ರಕಾರ 22 ಇದ್ದಲ್ಲಿ 25 ಬರೆದರೆ ಮುಗಿಯಿತು. ಆದರೂ ಕಡತದ ತುದಿಗೆ ಹೋಗಿ ಆ ಮೂರನ್ನು ಕಣ್ಣಾರೆ ನೋಡಿದೆ. ಪ್ರತಿ ದಾಖಲೆಯ ಮೊದಲ ಬೈಟ್ ಖಾಲಿ ಜಾಗ ಅಥವಾ ನಕ್ಷತ್ರ ಚಿಹ್ನೆ, ಎರಡರಲ್ಲಿ ಒಂದು ಆಗಿರಲೇಬೇಕು. ನಕ್ಷತ್ರ ಇದ್ದರೆ ಅದು ಅಳಿಸಿದ ದಾಖಲೆ. ಮೊದಲ ಎರಡು ಸರಿಯಾಗಿದ್ದವು. ಪಟ್ಟಿ ಸಂಖ್ಯೆ, ತಾರೀಕು, ಖಾತೆ ಸಂಖ್ಯೆ, ತೂಕ ಎಲ್ಲಾ ಇತ್ತು. ಮೂರನೆಯದು ಶುರುವಿನಿಂದ ಕೊನೆಯವರೆಗೆ ಬರೀ ಸೊನ್ನೆ ಬೈಟ್. ಅದಕ್ಕೆ ಜಾಗ ಮಾತ್ರ ಸಿಕ್ಕಿತ್ತು, ವಿಷಯ ಬಂದಿರಲಿಲ್ಲ.

ಗುಮಾಸ್ತರನ್ನು ಕೇಳಿದೆ. "ಶನಿವಾರ ಕೊನೆಗೆ ಎಷ್ಟು ಪಟ್ಟಿ ಆಯ್ತು ಸಾರ್?"

ಅವರು ಕಾರ್ಬನ್ ಪ್ರತಿಗಳ ಕಟ್ಟು ತಂದರು. ಕೊನೆಯ ಎರಡು ಪಟ್ಟಿಗಳ ಸಂಖ್ಯೆ ನನ್ನ ಪರದೆಯ ಮೇಲೆ ಇದ್ದವೇ. "ಇನ್ನೊಂದು ಹಾಕ್ತಾ ಇದ್ದೆ. ತೂಕ ಹೊಡೆದು ಎಂಟರ್ ಒತ್ತಿದೆ, ಅಷ್ಟರಲ್ಲಿ ಹೋಯ್ತು," ಅಂದರು. ಆ ಮೂರನೆಯ ಪಟ್ಟಿಯ ತೂಕದ ಚೀಟಿ ಅವರ ಡ್ರಾಯರ್‌ನಲ್ಲಿ ಭದ್ರವಾಗಿತ್ತು. ಕಡತದ ತುದಿಯೂ ಅವರ ನೆನಪೂ ಹೀಗೆ ಕೂಡಿ ಬಂದಾಗ ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಬೆಳಿಗ್ಗೆಯಿಂದ ಊಟ ಮಾಡಿಲ್ಲ ಅನ್ನುವುದು ಆಗ ನೆನಪಾಯಿತು.

ನಕಲಿನಲ್ಲಿ ಸಂಖ್ಯೆಯನ್ನು 24 45 03 00 ಎಂದು ತಿದ್ದಿದೆ. ಅಂದರೆ 2,14,308. ಸೊನ್ನೆ ತುಂಬಿದ ಕೊನೆಯ 187 ಬೈಟ್ ಕತ್ತರಿಸಿ, ಮುಕ್ತಾಯದ ಗುರುತು ಬರೆದೆ. ಕಡತದ ಅಳತೆ 4,00,76,661ಕ್ಕೆ ಬಂತು.

ಇಲ್ಲಿ ಒಂದು ಮಾತು. ಇಂಥ ತೊಂದರೆಗೆ ಫಾಕ್ಸ್‌ಪ್ರೊ ಗೊತ್ತಿರುವವರು ಹೇಳುವ ಸುಲಭದ ದಾರಿ ಒಂದಿದೆ. ಸೆಟ್ ಟೇಬಲ್‌ವ್ಯಾಲಿಡೇಟ್ ಅನ್ನು ಸೊನ್ನೆ ಮಾಡು, ಪರೀಕ್ಷೆ ನಿಲ್ಲುತ್ತದೆ, ಟೇಬಲ್ ತೆರೆಯುತ್ತದೆ. ಒಂದು ಖಾಲಿ ದಾಖಲೆ ಸೇರಿಸು, ಅಳಿಸು, ಪ್ಯಾಕ್ ಮಾಡು, ಹೆಡರ್ ತಾನೇ ಸರಿಯಾಗುತ್ತದೆ. ಎಷ್ಟೋ ಸಲ ಇದು ಸಾಕಾಗುತ್ತದೆ, ನಾನೂ ಮಾಡಿದ್ದೇನೆ. ಆದರೆ ನಮ್ಮ ಕಡತಕ್ಕೆ ಇದನ್ನು ಮಾಡಿದ್ದರೆ ಎರಡು ಪಟ್ಟಿಗಳೂ ಹೋಗುತ್ತಿದ್ದವು. ಹೊಸ ದಾಖಲೆಯನ್ನು ಎಲ್ಲಿ ಬರೆಯಬೇಕು ಎನ್ನುವುದನ್ನು ಫಾಕ್ಸ್‌ಪ್ರೊ ಹೆಡರ್‌ನ ಎಣಿಕೆ ನೋಡಿ ತೀರ್ಮಾನಿಸುತ್ತದೆ. ಎಣಿಕೆ ಕಡಿಮೆ ಇದೆ, ಹಾಗಾಗಿ ಖಾಲಿ ದಾಖಲೆ ಹೋಗಿ ಕೂರುವುದು ಸರಿಯಾಗಿರುವ ಪಟ್ಟಿಯ ತಲೆ ಮೇಲೆ. ಪ್ಯಾಕ್ ಮಾಡಿದಾಗ ಉಳಿದದ್ದೂ ಹೋಗುತ್ತದೆ. ಜೊತೆಗೆ ಈ ಮಂಡಿಯಲ್ಲಿ ರದ್ದಾದ ಪಟ್ಟಿ ಅಂದರೆ ನಕ್ಷತ್ರ ಹಾಕಿದ ದಾಖಲೆ. ಪ್ಯಾಕ್ ಅವುಗಳನ್ನು ಶಾಶ್ವತವಾಗಿ ತೆಗೆದುಹಾಕುತ್ತದೆ. ನಾಳೆ ಆಡಿಟ್‌ಗೆ ಬಂದವರು ನಡುವಿನ ಸಂಖ್ಯೆ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು?

ಎರಡನೆಯ ದಿನ: ಇಂಡೆಕ್ಸ್

ರಾತ್ರಿ ಮಂಡಿಯ ಮೇಲಿನ ಕೋಣೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಸಿಡಿಎಕ್ಸ್ ಹಿಡಿದೆ. ತಿದ್ದಿದ ಡಿಬಿಎಫ್ ತೆರೆಯುತ್ತಿತ್ತು. ಆದರೆ ಖಾತೆ ಸಂಖ್ಯೆ ಕೊಟ್ಟು ಹುಡುಕಿದರೆ ಬೇರೆಯವರ ಪಟ್ಟಿ ಬರುತ್ತಿತ್ತು. ಟೇಬಲ್ ತೆರೆಯದೇ ಇರುವುದಕ್ಕಿಂತ ಇದು ದೊಡ್ಡ ಅಪಾಯ. ತೆರೆಯದಿದ್ದರೆ ಕೆಲಸ ನಿಲ್ಲುತ್ತದೆ ಅಷ್ಟೇ. ತಪ್ಪು ತೋರಿಸಿದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಗುಮಾಸ್ತರು ಒತ್ತಿದ್ದ ರೀಇಂಡೆಕ್ಸ್ ಯಾಕೆ ಕೆಲಸ ಮಾಡಲಿಲ್ಲ ಎಂದು ಅವರೇ ಕೇಳಿದರು. ರೀಇಂಡೆಕ್ಸ್ ಹೊಸದಾಗಿ ಏನನ್ನೂ ಕಲಿಯುವುದಿಲ್ಲ. ಯಾವ ಕಾಲಂ ಮೇಲೆ ಯಾವ ಇಂಡೆಕ್ಸ್ ಇದೆ ಎನ್ನುವ ವಿವರವನ್ನು ಅದು ಹಳೆಯ ಸಿಡಿಎಕ್ಸ್‌ನಿಂದಲೇ ಓದುತ್ತದೆ. ಆ ಕಡತದ ತಲೆಯೇ ಕೆಟ್ಟಿದ್ದರೆ ಕೆಟ್ಟದ್ದನ್ನು ನೋಡಿಕೊಂಡೇ ಮತ್ತೆ ಕಟ್ಟಬೇಕು. ಅದಕ್ಕೆ ಸಿಡಿಎಕ್ಸ್ ಅನ್ನು ಪೂರ್ತಿ ತೆಗೆದು ಹೊಸದಾಗಿ ಇಂಡೆಕ್ಸ್ ಮಾಡುವುದೇ ಸರಿ.

ಆದರೆ ಯಾವ ಇಂಡೆಕ್ಸ್‌ಗಳು ಬೇಕು? ಸೋರ್ಸ್ ಕೋಡ್ ಇಲ್ಲ. ಪ್ರೋಗ್ರಾಂ ಯಾವ ಹೆಸರಿನ ಟ್ಯಾಗ್, ಅಂದರೆ ಸಿಡಿಎಕ್ಸ್ ಒಳಗಿನ ಬಿಡಿ ಇಂಡೆಕ್ಸ್, ಕೇಳುತ್ತದೆ ಎಂದು ಊಹಿಸುವ ಹಾಗಿಲ್ಲ. ಒಂದು ಹೆಸರು ತಪ್ಪಿದರೂ ಯಾವುದೋ ವರದಿಯ ನಡುವೆ ನಿಂತುಬಿಡುತ್ತದೆ. ಪುಣ್ಯಕ್ಕೆ ಗುಮಾಸ್ತರು ಯುಗಾದಿ ಹೊತ್ತಿಗೆ ಒಂದು ಸಿಡಿಯಲ್ಲಿ ಬ್ಯಾಕಪ್ ತೆಗೆದಿದ್ದರು. ಅದರಲ್ಲಿನ ಟೇಬಲ್ ತೆರೆದು, ಟ್ಯಾಗ್ ಮತ್ತು ಕೀ ಎಂಬ ಎರಡು ಫಂಕ್ಷನ್ ಬಳಸಿ ಒಂದೊಂದೇ ಹೆಸರು, ಅದರ ಸೂತ್ರ ಬರೆದುಕೊಂಡೆ. ಒಟ್ಟು ಏಳು ಟ್ಯಾಗ್. ಒಂದು ಪಟ್ಟಿ ಸಂಖ್ಯೆ ಮೇಲೆ, ಒಂದು ಖಾತೆ ಸಂಖ್ಯೆ ಮತ್ತು ತಾರೀಕು ಸೇರಿಸಿ, ಹೀಗೆ.

ಸಿಡಿಎಕ್ಸ್ ಅಳಿಸಿದ ಕೂಡಲೇ ಡಿಬಿಎಫ್ ತೆರೆಯಲು ಹೋದರೆ ಇಂಡೆಕ್ಸ್ ಕಡತ ಸಿಗುತ್ತಿಲ್ಲ ಎನ್ನುತ್ತದೆ. ತನ್ನ ಜೊತೆ ಒಂದು ಸಿಡಿಎಕ್ಸ್ ಇದೆ ಎಂದು ಡಿಬಿಎಫ್ ತನ್ನ ಹೆಡರ್‌ನ 28ನೆಯ ಬೈಟ್‌ನಲ್ಲಿ ಗುರುತು ಮಾಡಿಕೊಂಡಿರುತ್ತದೆ. ಎಣಿಕೆ ಸೊನ್ನೆಯಿಂದ. ಅಲ್ಲಿ 03 ಇತ್ತು. ಇಂಡೆಕ್ಸ್‌ಗೆ 1, ಮೆಮೊಗೆ 2, ಕೂಡಿ 3. ಡೇಟಾಬೇಸ್ ಕಡತಕ್ಕೆ ಸೇರಿದ ಟೇಬಲ್ ಆಗಿದ್ದರೆ ಬೇರೆ ಗುರುತು ಇರುತ್ತಿತ್ತು, ಕೆಲಸವೂ ಇನ್ನಷ್ಟು ತೊಡಕಾಗುತ್ತಿತ್ತು. ನಮ್ಮದು ಬಿಡಿ ಟೇಬಲ್. 03 ಅನ್ನು 02 ಮಾಡಿದೆ. ತೆರೆಯಿತು. ಏಳು ಟ್ಯಾಗ್ ಕಟ್ಟಿದೆ. ಎರಡು ಲಕ್ಷ ದಾಖಲೆಗಳ ಏಳು ಇಂಡೆಕ್ಸ್ ನಾನು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮುಗಿದಿತ್ತು.

ಈ ವೇಗ ನೋಡಿದಾಗಲೆಲ್ಲ ಹಳೆಯ ದಿನಗಳು ನೆನಪಾಗುತ್ತವೆ. ಫಾಕ್ಸ್ ಸಾಫ್ಟ್‌ವೇರ್ ಎಂಬುದು ಅಮೆರಿಕದ ಒಹಾಯೊ ರಾಜ್ಯದ ಪೆರಿಸ್‌ಬರ್ಗ್ ಎಂಬ ಊರಿನ ಸಣ್ಣ ಕಂಪನಿಯಾಗಿತ್ತು. ಆಗ ಹೆಸರಾಗಿದ್ದ ಡಿಬೇಸ್ ಎಂಬ ಡೇಟಾಬೇಸ್‌ನ ಭಾಷೆಯನ್ನೇ ಇಟ್ಟುಕೊಂಡು ಅದಕ್ಕಿಂತ ತುಂಬಾ ಬೇಗ ಓಡುವ ಫಾಕ್ಸ್‌ಬೇಸ್ ಮಾಡಿದರು, ಆಮೇಲೆ ಫಾಕ್ಸ್‌ಪ್ರೊ. 2.0 ಆವೃತ್ತಿಯಲ್ಲಿ ರಶ್‌ಮೋರ್ ಎಂಬ ತಂತ್ರ ಬಂತು. ದಾಖಲೆಗಳನ್ನು ಒಂದೊಂದಾಗಿ ಓದದೆ ಇಂಡೆಕ್ಸ್‌ನಿಂದಲೇ ಉತ್ತರ ಹುಡುಕುವ ವಿಧಾನ ಅದು. 1992ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು. 1995ರಲ್ಲಿ ವಿಷುವಲ್ ಫಾಕ್ಸ್‌ಪ್ರೊ 3 ಬಂತು, 2004ರ ಕೊನೆಗೆ 9. ಹತ್ತನೆಯ ಆವೃತ್ತಿ ಇಲ್ಲ ಎಂದು 2007ರಲ್ಲಿ ಪ್ರಕಟವಾಯಿತು. 2015ರ ಜನವರಿ 13ಕ್ಕೆ ಉಳಿದ ಬೆಂಬಲವೂ ನಿಂತಿತು.

2007ರ ಆ ಸುದ್ದಿ ಬಂದ ವಾರ ನಾವು ನಾಲ್ಕು ಜನ ಗೆಳೆಯರು ಶಿವಮೊಗ್ಗದ ಒಂದು ಹೋಟೆಲ್‌ನಲ್ಲಿ ಸೇರಿದ್ದೆವು. ಎಲ್ಲರ ಅನ್ನವೂ ಇದರಿಂದಲೇ ಬರುತ್ತಿತ್ತು. ಒಬ್ಬ ಆಗಲೇ ಜಾವಾ ಕಲಿಯಲು ಶುರು ಮಾಡಿದ. ಇನ್ನೊಬ್ಬ ತನ್ನ ಗಿರಾಕಿಗಳನ್ನೆಲ್ಲ ಆಕ್ಸೆಸ್‌ಗೆ ಸಾಗಿಸಿದ. ಮೂರನೆಯವನು, ನಮ್ಮಲ್ಲಿ ಹಿರಿಯ, "ಕಡತ ನಮ್ಮ ಹತ್ತಿರ ಇದೆಯಲ್ಲ, ಓಡೋಷ್ಟು ದಿನ ಓಡಲಿ" ಎಂದ. ಅವನ ಮಾತು ನನಗೆ ಆಗ ಹಿಡಿಸಿರಲಿಲ್ಲ. ಮಂಡಿಯ ಡಿಬಿಎಫ್ ಎದುರು ಕೂತಾಗ ಅವನು ಅರ್ಧ ಸರಿ ಹೇಳಿದ್ದ ಅನಿಸಿತು. ಉಪಕರಣ ಮಾರುವವರು ಅಂಗಡಿ ಮುಚ್ಚಿದರೂ ಕಡತದ ರಚನೆ ಎಲ್ಲರಿಗೂ ಗೊತ್ತಿದೆ, ಹಾಗಾಗಿ ನಾನು ಅದನ್ನು ಬೈಟ್ ಬೈಟ್ ಓದಿ ತಿದ್ದಲು ಆಯಿತು. ಉಳಿದರ್ಧ ಇಎಕ್ಸ್‌ಇ. ಸೋರ್ಸ್ ಇಲ್ಲದ ಇಎಕ್ಸ್‌ಇ ಒಳಗೆ ಮಂಡಿಯ ಮೂವತ್ತು ವರ್ಷದ ಲೆಕ್ಕದ ನಿಯಮಗಳು ಸಿಕ್ಕಿಹಾಕಿಕೊಂಡಿವೆ. ಆ ನಿಯಮಗಳು ಪೂರ್ತಿ ಗೊತ್ತಿರುವುದು ಈಗ ಗುಮಾಸ್ತರಿಗೆ ಮಾತ್ರ.

ಮೆಮೊ ಕಡತ ಬೇಗ ಮುಗಿಯಿತು. ಎಫ್‌ಪಿಟಿಯ ಮೊದಲ ನಾಲ್ಕು ಬೈಟ್ ಮುಂದಿನ ಖಾಲಿ ಬ್ಲಾಕ್ ಎಲ್ಲಿದೆ ಎಂದು ಹೇಳುತ್ತವೆ. ಇವನ್ನು ಮುಂದಿನಿಂದಲೇ ಓದಬೇಕು, ಡಿಬಿಎಫ್‌ನ ಹಾಗೆ ಹಿಂದಿನಿಂದ ಅಲ್ಲ. ಇದು ಗೊತ್ತಿಲ್ಲದೆ ಹಿಂದೊಮ್ಮೆ ಅರ್ಧ ದಿನ ಕಳೆದಿದ್ದೆ. ಈ ಸಲ ಸಂಖ್ಯೆ ತಾಳೆ ಆಯಿತು, ಷರಾಗಳೆಲ್ಲ ಸರಿ ಇದ್ದವು.

ಮೂರನೆಯ ದಿನ: ಎಂಟು ಅಂಕಿ ಜಾಗ

ರಿಪೇರಿಯಾದ ನಕಲನ್ನು ತಾಳೆ ನೋಡಲು ಎಲ್ಲಾ ಪಟ್ಟಿಗಳ ತೂಕವನ್ನು ದರದಿಂದ ಗುಣಿಸಿ, ಮೊತ್ತದ ಕಾಲಂ ಜೊತೆ ಹೋಲಿಸುವ ಒಂದು ಸಣ್ಣ ಪ್ರೋಗ್ರಾಂ ಪೈಥಾನ್‌ನಲ್ಲಿ ಬರೆದೆ. ಡಿಬಿಎಫ್‌ರೀಡ್ ಎಂಬ ಉಚಿತ ಲೈಬ್ರರಿ ಇದೆ, ಡಿಬಿಎಫ್ ಮತ್ತು ಎಫ್‌ಪಿಟಿ ಎರಡನ್ನೂ ಓದುತ್ತದೆ. ಅಳಿಸಿದ ದಾಖಲೆಗಳನ್ನು ಅದು ತಾನಾಗಿ ಕೊಡುವುದಿಲ್ಲ, ಬೇರೆಯಾಗಿ ಕೇಳಬೇಕು. ರದ್ದಾದ ಪಟ್ಟಿ ಬೇಕಾದವರು ಇದನ್ನು ಮರೆಯಬಾರದು.

ಓಡಿಸಿದೆ. ಸಾವಿರಾರು ಪಟ್ಟಿಗಳಲ್ಲಿ ಪೈಸೆ ಲೆಕ್ಕದ ವ್ಯತ್ಯಾಸ ಬಂತು. ನನ್ನ ರಿಪೇರಿಯಲ್ಲೇ ಏನೋ ತಪ್ಪಾಗಿದೆ ಎಂದು ಎದೆ ಹೊಡೆದುಕೊಂಡಿತು. ಯುಗಾದಿಯ ಬ್ಯಾಕಪ್ ಮೇಲೆ ಓಡಿಸಿದೆ. ಅಲ್ಲೂ ಅದೇ. ಅಂದರೆ ಇದು ಶನಿವಾರದ್ದಲ್ಲ, ಹಳೆಯ ಕಾಯಿಲೆ.

ವ್ಯತ್ಯಾಸ ಬಂದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಎಲ್ಲವೂ ಒಂದು ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನವು. ಮೊತ್ತದ ಕಾಲಂ ಅಗಲ 8, ಅದರಲ್ಲಿ ಪೈಸೆಗೆ 2. ಚುಕ್ಕಿಯೂ ಆ ಎಂಟರೊಳಗೇ ಬರಬೇಕು. ಹಾಗಾಗಿ ಸರಿಯಾಗಿ ಹಿಡಿಯುವುದು 99,999.99ರವರೆಗೆ ಮಾತ್ರ. 1996ರಲ್ಲಿ ಇದನ್ನು ಕಟ್ಟಿದವರಿಗೆ ಒಂದು ಪಟ್ಟಿ ಲಕ್ಷ ದಾಟುತ್ತದೆ ಅನಿಸಿರಲಿಕ್ಕಿಲ್ಲ. ಈಗಿನ ಅಡಿಕೆ ದರಕ್ಕೆ ಕೆಲವೇ ಕ್ವಿಂಟಾಲ್ ಮಾರಿದರೂ ಲಕ್ಷ ದಾಟುತ್ತದೆ.

ಜಾಗ ಸಾಲದಿದ್ದಾಗ ಫಾಕ್ಸ್‌ಪ್ರೊ ನಿಲ್ಲುವುದಿಲ್ಲ. ಮೊದಲು ಪೈಸೆಯ ಅಂಕಿಗಳನ್ನು ಕಡಿಮೆ ಮಾಡಿ ಹೊಂದಿಸಲು ನೋಡುತ್ತದೆ. ಅದೂ ಸಾಲದಿದ್ದರೆ ಘಾತ ರೂಪದಲ್ಲಿ ಬರೆಯಲು ನೋಡುತ್ತದೆ. ಅದೂ ಹಿಡಿಸದಿದ್ದರೆ ಕಾಲಂ ತುಂಬಾ ನಕ್ಷತ್ರ ಹಾಕುತ್ತದೆ. ನಮ್ಮ ಪಟ್ಟಿಗಳು ಮೊದಲ ಹಂತದಲ್ಲೇ ಹಿಡಿಸಿದ್ದವು. 1,23,456.75 ರೂಪಾಯಿ ಇದ್ದದ್ದು ಕಡತದಲ್ಲಿ 123456.8 ಎಂದು ಕೂತಿತ್ತು. ನೋಡಿದವರಿಗೆ ಸರಿಯಾಗೇ ಕಾಣುತ್ತದೆ. ಐದು ಪೈಸೆ ಅಷ್ಟೇ ಅಲ್ವಾ ಅನಿಸಬಹುದು.

ಗುಮಾಸ್ತರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಪ್ರತಿ ಮಾರ್ಚ್‌ನಲ್ಲಿ ಕಿರ್ದಿಗೂ ಖಾತೆಗೂ ಕೆಲವು ರೂಪಾಯಿ ತಾಳೆ ಆಗ್ತಿರಲಿಲ್ಲವಲ್ಲ, ಅದು ಇದೇನಾ?"

"ಇದೇ ಸಾರ್."

"ನಾನು ಎಲ್ಲೋ ತಪ್ಪು ಮಾಡಿದ್ದೀನಿ ಅಂತ ರಾತ್ರಿ ಎಲ್ಲಾ ಕೂತು ಕೂಡಿಸ್ತಿದ್ದೆ. ಕೊನೆಗೆ ನನ್ನ ಕೈಯಿಂದಲೇ ದುಡ್ಡು ಹಾಕಿ ಹೊಂದಾಣಿಕೆ ಅಂತ ಬರೀತಿದ್ದೆ."

ಎಷ್ಟು ವರ್ಷದಿಂದ ಎಂದು ನಾನು ಕೇಳಲಿಲ್ಲ. ಕೇಳಬೇಕು ಅನಿಸಲೂ ಇಲ್ಲ. ಪ್ರೋಗ್ರಾಂ ಬರೆಯುವ ನಾವು ಕಾಲಂಗೆ ಒಂದು ಅಗಲ ಕೊಟ್ಟು ಮುಂದೆ ಹೋಗಿಬಿಡುತ್ತೇವೆ. ಅದರ ಭಾರ ಹೀಗೆ ಒಬ್ಬ ಪ್ರಾಮಾಣಿಕ ಮನುಷ್ಯನ ನಿದ್ದೆ ಮೇಲೆ ಬೀಳುತ್ತದೆ. ಆ ದಿನ ಮಂಡಿಯ ಅಧ್ಯಕ್ಷರ ಎದುರು ಈ ವಿಷಯವನ್ನು ನಾನೇ ಬಿಡಿಸಿ ಹೇಳಿದೆ, ತಪ್ಪು ಗುಮಾಸ್ತರದ್ದಲ್ಲ ಎಂದು ಬರೆದೂ ಕೊಟ್ಟೆ.

ತಿದ್ದುವುದು ಹೇಗೆ? ಕಾಲಂ ಅಗಲವನ್ನು 8ರಿಂದ 14ಕ್ಕೆ ಏರಿಸುವುದು ಒಂದು ಸಾಲಿನ ಕೆಲಸ. ಆದರೆ ಇಎಕ್ಸ್‌ಇ ಒಳಗಿನ ಪಟ್ಟಿಯ ಮುದ್ರಣ ನಮೂನೆ ಇದನ್ನು ಒಪ್ಪುತ್ತದೋ ಇಲ್ಲವೋ ನೋಡಬೇಕಿತ್ತು. ನಕಲಿನ ಮೇಲೆ ಇಪ್ಪತ್ತು ಪಟ್ಟಿ ತೆಗೆದು ನೋಡಿದೆ. ಚೀಟಿಯಲ್ಲಿ ಮೊತ್ತದ ಜಾಗ ಸಾಕಷ್ಟು ಅಗಲ ಇತ್ತು. ಹಳೆಯ ಮೊತ್ತಗಳನ್ನು ಮಾತ್ರ ಮುಟ್ಟಲಿಲ್ಲ. ಸಹಿ ಆದ ಲೆಕ್ಕವನ್ನು ನಾನು ತಿದ್ದುವ ಹಾಗಿಲ್ಲ. ಸರಿಯಾದ ಮೊತ್ತ ಮತ್ತು ವ್ಯತ್ಯಾಸದ ಒಂದು ಯಾದಿ ಮುದ್ರಿಸಿ ಅವರ ಆಡಿಟರ್‌ಗೆ ಕೊಡಲು ಹೇಳಿದೆ.

ನಾಲ್ಕನೆಯ ದಿನ: ಹೆಸರುಗಳು

ಇಷ್ಟು ಹೊತ್ತಿಗೆ ಮಂಡಿಯಲ್ಲಿ ಕೆಲಸ ಶುರು ಮಾಡಬಹುದಿತ್ತು, ಮಾಡಿಸಿದೆ ಕೂಡ. ಬೆಳಿಗ್ಗೆ ರಿಪೇರಿಯಾದ ಕಡತಗಳನ್ನು ಮೂಲ ಜಾಗಕ್ಕೆ ಹಾಕಿ, ಮೊದಲು ಒಂದೇ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆಯಲು ಹೇಳಿದೆ. ಡ್ರಾಯರ್‌ನಲ್ಲಿದ್ದ ಆ ತೂಕದ ಚೀಟಿಯ ಪಟ್ಟಿಯನ್ನು ಗುಮಾಸ್ತರು ಮೊದಲು ಹಾಕಿದರು.

ನಾನು ಪಕ್ಕದ ಮೇಜಿನಲ್ಲಿ ಕೂತು ಇನ್ನೊಂದು ಕೆಲಸ ಹಿಡಿದೆ. ಡೇಟಾದ ಒಂದು ಪ್ರತಿ ಪ್ರತಿ ರಾತ್ರಿ ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್‌ಗೆ ಹೋಗುವಂತೆ ಮಾಡಬೇಕು ಎನ್ನುವುದು ನನ್ನ ಯೋಚನೆ. ಫಾಕ್ಸ್‌ಪ್ರೊ ಮುಂದೊಂದು ದಿನ ಪೂರ್ತಿ ನಿಂತರೂ ಡೇಟಾ ಬೇರೆ ಕಡೆ ಓದಲು ಸಿಗಬೇಕು. ಅಂಕಿಗಳು, ತಾರೀಕುಗಳು ಸಲೀಸಾಗಿ ಹೋದವು. ಡಿಬಿಎಫ್‌ನಲ್ಲಿ ತಾರೀಕು ವರ್ಷ, ತಿಂಗಳು, ದಿನ ಎಂದು ಎಂಟು ಅಂಕಿಯಲ್ಲಿ ಇರುತ್ತದೆ, ಗೊಂದಲವಿಲ್ಲ. ಸಿಕ್ಕಿಬಿದ್ದದ್ದು ರೈತರ ಹೆಸರುಗಳಲ್ಲಿ.

ವಿಷುವಲ್ ಫಾಕ್ಸ್‌ಪ್ರೊಗೆ ಎಲ್ಲಾ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬರುವುದಿಲ್ಲ. ಅದರ ಪಾಲಿಗೆ ಅಕ್ಷರ ಅಂದರೆ ಒಂದು ಬೈಟ್. ಹಾಗಾಗಿ ನಮ್ಮವರು ಕನ್ನಡವನ್ನು ನುಡಿ ಫಾಂಟ್‌ನಲ್ಲಿ ತುಂಬಿಸಿದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇಲ್ಲದಿದ್ದರೆ ಆ ಕಾಲದಲ್ಲಿ ಇಂಥ ಊರುಗಳಲ್ಲಿ ಕನ್ನಡ ಪಟ್ಟಿ ಮುದ್ರಣ ತುಂಬಾ ಕಷ್ಟವಾಗುತ್ತಿತ್ತು, ಅದಕ್ಕೆ ನಾನು ಋಣಿ. ಆದರೆ ಆ ಹಳೆಯ ಫಾಂಟ್‌ನಲ್ಲಿ ಕಡತದಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ಚೂರುಗಳು. ಫಾಂಟ್ ತೆಗೆದು ನೋಡಿದರೆ "ಕ" ಇರುವಲ್ಲಿ ಇಂಗ್ಲಿಷ್‌ನ "ಪಿ" ಮತ್ತು ತಲೆ ಮೇಲೆ ಗೆರೆ ಇರುವ "ಎ". "ನ" ಇರುವಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ "ಎ". ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ಹೆಸರು ಕೊಟ್ಟು ಹುಡುಕುವುದು ಕಷ್ಟ. ಗುಮಾಸ್ತರಿಗೆ ಸಾವಿರಾರು ಖಾತೆ ಸಂಖ್ಯೆ ಬಾಯಿಪಾಠ ಆಗಿರುವುದು ಇದೇ ಕಾರಣಕ್ಕೆ.

ಮೊದಲ ತೊಡಕು ಓದುವಾಗಲೇ ಬಂತು. ವಿಂಡೋಸ್ 1252 ಎಂಬ ಕೋಡ್ ಪುಟದಂತೆ, ಅಂದರೆ ಯಾವ ಬೈಟ್ ಯಾವ ಅಕ್ಷರ ಎಂದು ಹೇಳುವ ಕೋಷ್ಟಕದಂತೆ, ಓದು ಎಂದು ಪೈಥಾನ್‌ಗೆ ಹೇಳಿದೆ. ಕೆಲವು ಹೆಸರುಗಳಲ್ಲಿ ನಿಂತುಬಿಟ್ಟಿತು. ಆ ಪುಟದಲ್ಲಿ ಐದು ಬೈಟ್‌ಗಳಿಗೆ ಅರ್ಥವೇ ಇಲ್ಲ, ಅವು ಬಂದರೆ ಪೈಥಾನ್ ದೋಷ ಕೊಡುತ್ತದೆ. ಲ್ಯಾಟಿನ್ 1 ಎಂದು ಬದಲಾಯಿಸಿದೆ. ಅದು ಎಲ್ಲಾ 256 ಬೈಟ್‌ಗಳನ್ನೂ ಇದ್ದ ಹಾಗೇ ಬಿಡುತ್ತದೆ. ಪರಿವರ್ತನೆಯ ಕೋಷ್ಟಕವನ್ನೂ ಬೈಟ್ ಲೆಕ್ಕದಲ್ಲೇ ಬರೆದುಕೊಂಡೆ.

ಕೋಷ್ಟಕ ಒಂದರಿಂದ ಕೆಲಸ ಮುಗಿಯುವುದಿಲ್ಲ. ಕ್ರಮವೂ ಬೇರೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಹಾಗೆ. ಯೂನಿಕೋಡ್‌ನಲ್ಲಿ "ರ" ಮೊದಲು, ಹಲಂತ, ಆಮೇಲೆ ಅಕ್ಷರ, ಬಾಯಲ್ಲಿ ಹೇಳುವ ಹಾಗೆ. "ತೀರ್ಥಪ್ಪ" ಎಂಬಂಥ ಹೆಸರಿನಲ್ಲಿ ಆ "ರ್" ಅನ್ನು ಎತ್ತಿ "ಥ"ಕ್ಕಿಂತ ಮೊದಲು ಇಡಬೇಕು. ಒತ್ತಕ್ಷರಗಳಲ್ಲೂ ಹೀಗೇ. "ಕ್ರಿ" ಎಂಬಂಥಲ್ಲಿ ಗುಣಿತ ಮೊದಲು ಬಂದು ಒತ್ತು ಆಮೇಲೆ ಇರುತ್ತದೆಯೋ ನೋಡಿಕೊಂಡು, ಒತ್ತು ಮೊದಲು ಬರುವಂತೆ ತಿರುಗಿಸಬೇಕು. ಮಧ್ಯಾಹ್ನದವರೆಗೆ ಇದರಲ್ಲೇ ಹೋಯಿತು.

ಕೊನೆಗೆ ಒಂದಷ್ಟು ಹೆಸರುಗಳು ಉಳಿದವು. ಕಾಲಂ ಅಗಲ 30 ಬೈಟ್. ಒಂದು ಕನ್ನಡ ಅಕ್ಷರಕ್ಕೆ ಎರಡು ಮೂರು ಚೂರು ಬೇಕು, ಹಾಗಾಗಿ ಉದ್ದನೆಯ ಹೆಸರುಗಳು ನಡುವೆಯೇ ಕತ್ತರಿಸಿಹೋಗಿದ್ದವು. ಊರಿನ ಹೆಸರು ಸೇರಿಸಿದ ಕಡೆ ಜಾಸ್ತಿ. ಯಾವ ಪ್ರೋಗ್ರಾಮೂ ಇದನ್ನು ತುಂಬಲಾರದು. ಯಾದಿ ಮುದ್ರಿಸಿ ಗುಮಾಸ್ತರ ಮುಂದಿಟ್ಟೆ. ಖಾತೆ ಸಂಖ್ಯೆ ನೋಡುತ್ತಾ ಪೂರ್ತಿ ಹೆಸರು, ಅಪ್ಪನ ಹೆಸರು, ಮನೆತನ, ತೋಟ ಎಲ್ಲಿದೆ, ಎಲ್ಲಾ ಹೇಳುತ್ತಾ ಹೋದರು. ನಾನು ಬರೆದುಕೊಂಡೆ. ಕೆಲವರ ಹೆಸರು ಬಂದಾಗ "ಇವರು ಈಗಿಲ್ಲ, ಮಗ ಬರ್ತಾನೆ" ಎಂದರು. ಅದನ್ನೂ ಷರಾದಲ್ಲಿ ಬರೆದೆ.

ಪೋಸ್ಟ್‌ಗ್ರೆಸ್‌ನಲ್ಲಿ ಹೆಸರುಗಳನ್ನು ಕನ್ನಡ ಅಕಾರಾದಿಯಲ್ಲಿ ಜೋಡಿಸಿ ಪರದೆ ಮೇಲೆ ತೋರಿಸಿದಾಗ ಅವರು ತುಂಬಾ ಹೊತ್ತು ನೋಡಿದರು. ಅ, ಆ, ಇ, ಈ ಕ್ರಮದಲ್ಲಿ ತಮ್ಮ ಮಂಡಿಯ ರೈತರನ್ನು ಅವರು ಕಂಪ್ಯೂಟರಿನಲ್ಲಿ ನೋಡಿದ್ದು ಅದೇ ಮೊದಲು.

ಐದನೆಯ ದಿನ: ನೆಟ್‌ವರ್ಕ್ ಮತ್ತು ಬ್ಯಾಟರಿ

ಉಳಿದ ಎರಡು ಕಂಪ್ಯೂಟರ್‌ಗಳನ್ನು ಸೇರಿಸುವ ಮೊದಲು ಇನ್ನೊಂದು ಕೆಲಸವಿತ್ತು. ಕರೆಂಟ್ ಹೋಗದ ದಿನಗಳಲ್ಲೂ ಇಲ್ಲಿ ಆಗಾಗ ಇಂಡೆಕ್ಸ್ ಕೆಡುತ್ತಿತ್ತಂತೆ. ಹಳೆಯ ವಿಂಡೋಸ್ ಇದ್ದಾಗ ಹೀಗೆ ಆಗುತ್ತಿರಲಿಲ್ಲ ಎಂದರು. ಇದನ್ನು ಫಾಕ್ಸ್‌ಪ್ರೊ ಬಳಸುವ ಎಷ್ಟೋ ಗೆಳೆಯರಿಂದ ಕೇಳಿದ್ದೇನೆ. ವಿಂಡೋಸ್ ವಿಸ್ಟಾದಿಂದ ಮುಂದೆ ಕಡತ ಹಂಚಿಕೊಳ್ಳುವ ವಿಧಾನ ಬದಲಾಯಿತು, ಎಸ್‌ಎಂಬಿ 2 ಬಂತು. ಹೊಸ ವಿಧಾನದಲ್ಲಿ ಪ್ರತಿ ಕಂಪ್ಯೂಟರ್ ದೂರದ ಕಡತದ ಅಳತೆಯಂಥ ವಿವರವನ್ನು ಕೆಲವು ಸೆಕೆಂಡ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಸಾಮಾನ್ಯ ಕಡತಗಳಿಗೆ ಇದರಿಂದ ವೇಗ ಹೆಚ್ಚುತ್ತದೆ. ಆದರೆ ಫಾಕ್ಸ್‌ಪ್ರೊದಲ್ಲಿ ಸರ್ವರ್ ಎಂಬುದೇ ಇಲ್ಲ. ಮೂರು ಕಂಪ್ಯೂಟರ್ ಒಂದೇ ಕಡತಕ್ಕೆ ನೇರವಾಗಿ ಬರೆಯುತ್ತವೆ. ಒಂದು ಹೊಸ ದಾಖಲೆ ಸೇರಿಸಿದ್ದು ಇನ್ನೊಂದಕ್ಕೆ ಕೂಡಲೇ ಗೊತ್ತಾಗಲೇಬೇಕು.

ಮೂರೂ ಕಂಪ್ಯೂಟರ್‌ಗಳಲ್ಲಿ ಕಡತದ ವಿವರ, ಫೋಲ್ಡರ್‌ನ ವಿವರ, ಇಲ್ಲದ ಕಡತದ ವಿವರ, ಈ ಮೂರನ್ನೂ ಇಟ್ಟುಕೊಳ್ಳುವ ಅವಧಿಯನ್ನು ಸೊನ್ನೆ ಮಾಡಿದೆ. ವಿಂಡೋಸ್‌ನಲ್ಲಿ ಇದಕ್ಕೆ ಪವರ್‌ಶೆಲ್ ಆಜ್ಞೆಯೇ ಇದೆ. ಆಮೇಲೆ ಮೂವರನ್ನು ಕೂರಿಸಿ ಒಂದೇ ಸಮಯದಲ್ಲಿ ನಕಲು ಫೋಲ್ಡರ್‌ಗೆ ಇನ್ನೂರು ಪಟ್ಟಿ ಹಾಕಿಸಿದೆ. ಎಣಿಕೆ ತಾಳೆ ಆಯಿತು, ಇಂಡೆಕ್ಸ್ ಸರಿ ಇತ್ತು.

ವಿಷುವಲ್ ಫಾಕ್ಸ್‌ಪ್ರೊ 9ರಲ್ಲಿ ಫ್ಲಶ್ ಫೋರ್ಸ್ ಎಂಬ ಆಜ್ಞೆ ಇದೆ. ಬರೆದದ್ದನ್ನು ಕೂಡಲೇ ಡಿಸ್ಕ್‌ಗೆ ತಳ್ಳುತ್ತದೆ. ಪಟ್ಟಿ ಉಳಿಸುವ ಜಾಗದಲ್ಲಿ ಈ ಒಂದು ಸಾಲು ಇದ್ದಿದ್ದರೆ ಶನಿವಾರ ಇಷ್ಟೆಲ್ಲ ಆಗುವ ಸಂಭವ ತುಂಬಾ ಕಡಿಮೆ ಇತ್ತು. ಸೋರ್ಸ್ ಇಲ್ಲದ್ದಕ್ಕೆ ಆ ಒಂದು ಸಾಲು ಸೇರಿಸಲು ಆಗಲಿಲ್ಲ. ಈ ಐದು ದಿನದಲ್ಲಿ ನನ್ನ ಕೈ ಪೂರ್ತಿ ಕಟ್ಟಿಹಾಕಿದ್ದು ಇದೊಂದೇ ವಿಷಯ, ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನಿಮ್ಮ ಗಿರಾಕಿಗಳಿಗೆ ಇಎಕ್ಸ್‌ಇ ಜೊತೆ ಸೋರ್ಸ್‌ನ ಒಂದು ಪ್ರತಿಯನ್ನೂ ಕೊಡಿ. ಮೊಹರು ಹಾಕಿದ ಲಕೋಟೆಯಲ್ಲಾದರೂ ಸರಿ.

ಯುಪಿಎಸ್ ತೆಗೆದು ನೋಡಿದರೆ ಬ್ಯಾಟರಿ ಉಬ್ಬಿಕೊಂಡಿತ್ತು. ಪೇಟೆಯಿಂದ ಹೊಸದು ತರಿಸಿದೆವು. ರಾತ್ರಿ ಒಂಬತ್ತಕ್ಕೆ ಇಡೀ ಫೋಲ್ಡರ್ ಆ ದಿನದ ತಾರೀಕಿನ ಹೆಸರಲ್ಲಿ ಹೊರಗಿನ ಡಿಸ್ಕ್‌ಗೆ ನಕಲಾಗುವಂತೆ, ಆಮೇಲೆ ಪೋಸ್ಟ್‌ಗ್ರೆಸ್‌ಗೆ ಹೋಗುವಂತೆ ಮಾಡಿದೆ. ಜೊತೆಗೆ ಹೆಡರ್‌ನ ಎಣಿಕೆಯನ್ನೂ ಕಡತದ ಅಳತೆಯನ್ನೂ ತಾಳೆ ನೋಡಿ, ಹೊಂದದಿದ್ದರೆ ಗುಮಾಸ್ತರ ಮೊಬೈಲ್‌ಗೆ ಸಂದೇಶ ಕಳಿಸುವ ಒಂದು ಸಣ್ಣ ಪ್ರೋಗ್ರಾಂ ಸೇರಿಸಿದೆ.

ಹೊಸ ಪ್ರೋಗ್ರಾಂ ಬರೆಯುವ ಮಾತೂ ಆಯಿತು. ಕೊಯ್ಲು ಶುರುವಾದರೆ ಮಂಡಿಯಲ್ಲಿ ಉಸಿರಾಡಲು ಪುರಸೊತ್ತು ಇರುವುದಿಲ್ಲ, ಆಗ ಏನನ್ನೂ ಬದಲಾಯಿಸುವ ಹಾಗಿಲ್ಲ. ಅಷ್ಟರೊಳಗೆ ಮುಂಗಡದ ಬಡ್ಡಿ ಹಾಕುವ ನಿಯಮಗಳನ್ನು ಗುಮಾಸ್ತರು ಬರೆದು ಕೊಡುವುದು, ನಾನು ಅದನ್ನು ಪೋಸ್ಟ್‌ಗ್ರೆಸ್‌ನ ಡೇಟಾ ಮೇಲೆ ಹಚ್ಚಿ ಹಳೆಯ ಪಟ್ಟಿಗಳ ಜೊತೆ ತಾಳೆ ನೋಡುವುದು ಎಂದು ಮಾತಾಯಿತು. ಅವರು ಆಗಲೇ ಒಂದು ಇನ್ನೂರು ಪುಟದ ನೋಟ್ ಪುಸ್ತಕ ತರಿಸಿದ್ದರು. ಮೊದಲ ಪುಟದಲ್ಲಿ ದುಂಡನೆಯ ಅಕ್ಷರದಲ್ಲಿ "ಬಡ್ಡಿ, ಒಂದನೆಯ ನಿಯಮ" ಎಂದು ಬರೆದು, ಕೆಳಗೆ ಗೆರೆ ಎಳೆದು, ನಾನು ಬಸ್ಸಿಗೆ ಹೊರಡುವಾಗ ಎರಡನೆಯ ಸಾಲು ಬರೆಯುತ್ತಾ ಕೂತಿದ್ದರು.